ಬಿ ಫಾರಂನಲ್ಲಿ ಯಾರ ಹೆಸರು? ಲೋಕಸಭೆಯಲ್ಲಿ ಹೆಂಗಸರು ಇಷ್ಟು ಕಡಿಮೆ ಯಾಕೆ

2024ರ ಲೋಕಸಭಾ ಚುನಾವಣೆಯಲ್ಲಿ ಪಟ್ಟಿಯಲ್ಲಿದ್ದ ಹೆಂಗಸರ ಪೈಕಿ ಶೇ. 65.78 ಮಂದಿ ಮತ ಹಾಕಿದರು. ಗಂಡಸರಲ್ಲಿ ಮತ ಹಾಕಿದವರು ಶೇ. 65.55. ವ್ಯತ್ಯಾಸ ಕೂದಲೆಳೆಯಷ್ಟೇ, ನಿಜ. ಆದರೆ 1962ರಲ್ಲಿ ಗಂಡಸರು ಶೇ. 63ರಷ್ಟು ಬಂದಾಗ ಹೆಂಗಸರು ಬಂದಿದ್ದು ಶೇ. 47ರ ಒಳಗೆ. ಹದಿನಾರು ಪಾಯಿಂಟಿನ ಆ ಕಂದಕ ತುಂಬಿ, 2019ರಿಂದ ಈಚೆಗೆ ಹೆಂಗಸರೇ ಒಂದು ಗುಲಗಂಜಿ ಮುಂದೆ ಇದ್ದಾರೆ.

ಈಗ ಅದೇ ಚುನಾವಣೆಯ ಫಲಿತಾಂಶ ನೋಡಿ. 543 ಸೀಟಿನಲ್ಲಿ ಗೆದ್ದ ಮಹಿಳೆಯರು 74. ಅಂದರೆ ಶೇ. 13.6. 2019ರಲ್ಲಿ ಇದ್ದ 78ಕ್ಕಿಂತ ನಾಲ್ಕು ಕಡಿಮೆ. ಜಗತ್ತಿನ ಸಂಸತ್ತುಗಳ ಸರಾಸರಿ ಶೇ. 27ರ ಆಸುಪಾಸು ಇದೆ, ನಾವು ಅದರ ಅರ್ಧದಲ್ಲಿದ್ದೇವೆ.

ಮತಗಟ್ಟೆಯ ಸಾಲಿನಲ್ಲಿ ಅರ್ಧಕ್ಕರ್ಧ ಇದ್ದವರು ಸದನಕ್ಕೆ ಬರುವಷ್ಟರಲ್ಲಿ ಏಳರಲ್ಲಿ ಒಂದಾಗುತ್ತಾರೆ. ನಡುವೆ ಎಲ್ಲಿ ಕಳೆದುಹೋದರು? "ನಮ್ಮ ಜನ ಹೆಂಗಸರಿಗೆ ವೋಟು ಹಾಕಲ್ಲ" ಅನ್ನೋದು ಸುಲಭದ ಉತ್ತರ. ನನ್ನ ಪ್ರಕಾರ ಅದು ಬಹುಪಾಲು ತಪ್ಪು. ಜನ ಬೇಡ ಅನ್ನುವುದಕ್ಕೆ ಮೊದಲು ಯಾರಾದರೂ ಅವರ ಮುಂದೆ ತಂದು ನಿಲ್ಲಿಸಬೇಕಲ್ವಾ? ನಿಲ್ಲಿಸುವ ಕೆಲಸ ನಡೆಯುವುದು ಮತಗಟ್ಟೆಗಿಂತ ಎಷ್ಟೋ ಮುಂಚೆ, ಬೇರೆ ಕಡೆ.

ಆ ಬೇರೆ ಕಡೆಯನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಒಂದು ಕಾಗದ ನೋಡಬೇಕು. ಅದರ ಹೆಸರು ಬಿ ಫಾರಂ.

ಚುನಾವಣೆ ಬಂದಾಗ ಪೇಪರಿನಲ್ಲಿ ದಿನಾ ಓದಿರುತ್ತೀರಿ: ಇವರಿಗೆ ಬಿ ಫಾರಂ ಸಿಕ್ಕಿತು, ಅವರಿಗೆ ಕೊನೇ ಗಳಿಗೆಯಲ್ಲಿ ಕೈ ತಪ್ಪಿತು. ಇದು ಒಂದು ಪಕ್ಷ ಚುನಾವಣಾಧಿಕಾರಿಗೆ "ಇವರೇ ನಮ್ಮ ಅಭ್ಯರ್ಥಿ, ನಮ್ಮ ಚಿಹ್ನೆ ಇವರಿಗೇ ಕೊಡಿ" ಎಂದು ಬರೆದುಕೊಡುವ ಕಾಗದ. ಇದಕ್ಕೆ ಸಹಿ ಹಾಕುವ ಅಧಿಕಾರ ಯಾರಿಗಿದೆ ಎಂದು ತಿಳಿಸುವುದು ಎ ಫಾರಂ. ಸಹಿ ಶಾಯಿಯಲ್ಲೇ ಇರಬೇಕು, ಮೊಹರು ಒತ್ತಿದರೆ ನಡೆಯಲ್ಲ. ನಾಮಪತ್ರ ಸಲ್ಲಿಸುವ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅಧಿಕಾರಿಯ ಮೇಜಿನ ಮೇಲಿರಬೇಕು. ತಡವಾದರೆ ಪಕ್ಷದ ಚಿಹ್ನೆ ಸಿಗುವುದಿಲ್ಲ. ಅಭ್ಯರ್ಥಿಯ ಹೆಸರಿಗೆ ಒಂದು ಕಾಲಂ, ಅವರ ನಾಮಪತ್ರ ತಿರಸ್ಕಾರವಾದರೆ ನಿಲ್ಲುವ ಬದಲಿ ಅಭ್ಯರ್ಥಿಗೆ ಒಂದು ಕಾಲಂ. ಅಭ್ಯರ್ಥಿಯ ಹೆಸರಿನ ಪಕ್ಕದಲ್ಲೇ ತಂದೆಯ ಅಥವಾ ಗಂಡನ ಹೆಸರಿಗೂ ಒಂದು ಕಾಲಂ ಇದೆ. ಆ ಕಾಲಂ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ಕಾಗದದಲ್ಲಿ ಯಾರ ಹೆಸರು ಬರಬೇಕು ಎಂದು ಯಾವ ಕಾನೂನೂ ಹೇಳುವುದಿಲ್ಲ. ಪಕ್ಷದ ಸದಸ್ಯರು ಓಟು ಹಾಕಿ ಆರಿಸಬೇಕೆಂಬ ನಿಯಮವೂ ಇಲ್ಲ. ಕೆಲವೇ ಮಂದಿ ಒಂದು ಕೋಣೆಯಲ್ಲಿ ಕೂತು ತೀರ್ಮಾನಿಸುತ್ತಾರೆ. ನಾವು ಅದನ್ನು ಹೈಕಮಾಂಡ್ ಅನ್ನುತ್ತೇವೆ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ಗೆಲ್ಲುವ ಕುದುರೆ ಯಾವುದು? ಜಾತಿ ಲೆಕ್ಕ ಎಷ್ಟು, ದುಡ್ಡು ಎಷ್ಟು ಹಾಕಬಲ್ಲರು, ಹಿಂದೆ ಎಷ್ಟು ಹುಡುಗರಿದ್ದಾರೆ.

ಆ ಕೋಣೆಯಿಂದ ಹೊರಬಿದ್ದ ಲೆಕ್ಕ ಹೀಗಿದೆ. 2024ರಲ್ಲಿ ದೇಶದಲ್ಲಿ ಕಣದಲ್ಲಿದ್ದವರು 8,360 ಮಂದಿ, ಅದರಲ್ಲಿ ಮಹಿಳೆಯರು 800. ಹತ್ತರಲ್ಲಿ ಒಂದು ಕೂಡ ಸರಿಯಾಗಿ ತುಂಬಲಿಲ್ಲ. ದೊಡ್ಡ ಪಕ್ಷಗಳನ್ನು ನೋಡಿದರೆ ಬಿಜೆಪಿಯ ಟಿಕೆಟ್‌ನಲ್ಲಿ ಸುಮಾರು ಆರಕ್ಕೆ ಒಂದು ಮಹಿಳೆಗೆ ಹೋಯಿತು, ಕಾಂಗ್ರೆಸ್‌ನಲ್ಲಿ ಎಂಟಕ್ಕೆ ಒಂದು. 152 ಕ್ಷೇತ್ರಗಳಲ್ಲಿ ಪಕ್ಷೇತರರನ್ನೂ ಸೇರಿಸಿ ಒಬ್ಬ ಮಹಿಳೆಯೂ ಕಣದಲ್ಲಿರಲಿಲ್ಲ. ಅಲ್ಲಿನ ಮತದಾರ ಹೆಂಗಸರಿಗೆ ವೋಟು ಹಾಕುತ್ತಾನೋ ಇಲ್ಲವೋ ಎಂಬ ಪ್ರಶ್ನೆಯೇ ಬರಲಿಲ್ಲ.

ಈಗ ನಿಂತವರ ಕಥೆ. 800ರಲ್ಲಿ 74 ಗೆದ್ದರು, ಅಂದರೆ ನೂರಕ್ಕೆ ಒಂಬತ್ತು ಚಿಲ್ಲರೆ. ಗಂಡಸರಲ್ಲಿ ನೂರಕ್ಕೆ ಆರು ಚಿಲ್ಲರೆ. ಇದನ್ನು ತೋರಿಸಿ "ನೋಡಿ, ಹೆಂಗಸರೇ ಜಾಸ್ತಿ ಗೆಲ್ತಾರೆ" ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಸ್ವಲ್ಪ ತಡೆಯಿರಿ. ಸುಮ್ನೆ ನಾಮಪತ್ರ ಹಾಕಿ ಠೇವಣಿ ಕಳೆದುಕೊಳ್ಳುವ ಪಕ್ಷೇತರರಲ್ಲಿ ಗಂಡಸರೇ ತುಂಬಿರುತ್ತಾರೆ, ಅವರು ಗಂಡಸರ ಸರಾಸರಿಯನ್ನು ಕೆಳಗೆ ಎಳೆಯುತ್ತಾರೆ. ಹಾಗಾಗಿ ಈ ಅಂಕಿಯಿಂದ ಹೆಂಗಸರು ಗೆಲುವಿನ ಯಂತ್ರ ಎಂದು ಸಾಬೀತಾಗುವುದಿಲ್ಲ. ಟಿಕೆಟ್ ಸಿಕ್ಕ ಮಹಿಳೆಯನ್ನು ಮತದಾರ ಮುಖ ತಿರುಗಿಸಿ ಕಳಿಸುತ್ತಿಲ್ಲ ಎಂಬಷ್ಟು ಮಾತ್ರ ಹೇಳಬಹುದು. ತೃಣಮೂಲ ಕಾಂಗ್ರೆಸ್ ಆ ಸಲ ಗೆದ್ದ 29 ಸೀಟಿನಲ್ಲಿ 11 ಮಹಿಳೆಯರದ್ದು. ಹೆಂಗಸರಿಗೆ ಟಿಕೆಟ್ ಕೊಟ್ಟು ಆ ಪಕ್ಷವೇನೂ ಮುಳುಗಲಿಲ್ಲ.

ತಮಿಳುನಾಡಿನ ನಾಮ್ ತಮಿಳರ್ ಕಚ್ಚಿ ಇನ್ನೂ ಮುಂದೆ ಹೋಗಿ ಅರ್ಧಕ್ಕರ್ಧ ಟಿಕೆಟ್ ಹೆಂಗಸರಿಗೇ ಕೊಟ್ಟಿತು. ಒಂದೂ ಗೆಲ್ಲಲಿಲ್ಲ, ಯಾಕೆಂದರೆ ಅದರ ಗಂಡಸರೂ ಎಲ್ಲೂ ಗೆಲ್ಲಲಿಲ್ಲ. ಟಿಕೆಟ್ ಎಷ್ಟು ಅನ್ನುವುದರ ಜೊತೆಗೆ ಎಲ್ಲಿಯ ಟಿಕೆಟ್ ಅನ್ನುವುದನ್ನೂ ಕೇಳಬೇಕು. ಸೋಲುವ ಸೀಟನ್ನು ಹೆಂಗಸಿಗೆ ದಾನ ಮಾಡಿ ಪಟ್ಟಿ ಉದ್ದ ತೋರಿಸುವುದು ಪಕ್ಷಗಳಿಗೆ ಚೆನ್ನಾಗಿ ಗೊತ್ತಿರುವ ವಿದ್ಯೆ.

ನಮ್ಮ ರಾಜ್ಯಕ್ಕೆ ಬರೋಣ. 2024ರಲ್ಲಿ ಕರ್ನಾಟಕದ 28 ಸೀಟಿನಲ್ಲಿ ಗೆದ್ದ ಮಹಿಳೆಯರು ಮೂವರು: ಬೆಂಗಳೂರು ಉತ್ತರದಲ್ಲಿ ಶೋಭಾ ಕರಂದ್ಲಾಜೆ, ಚಿಕ್ಕೋಡಿಯಲ್ಲಿ ಪ್ರಿಯಾಂಕಾ ಜಾರಕಿಹೊಳಿ, ದಾವಣಗೆರೆಯಲ್ಲಿ ಪ್ರಭಾ ಮಲ್ಲಿಕಾರ್ಜುನ್. ವಿಧಾನಸಭೆಯ ಕಥೆ ಇನ್ನೂ ಬಡವಾಗಿದೆ. 2023ರಲ್ಲಿ 224ರಲ್ಲಿ ಗೆದ್ದಿದ್ದು ಹತ್ತೇ ಮಂದಿ.

ದಾವಣಗೆರೆಯ ಕಣ ವಿಶೇಷವಾಗಿತ್ತು. ಎರಡೂ ದೊಡ್ಡ ಪಕ್ಷಗಳ ಅಭ್ಯರ್ಥಿಗಳು ಮಹಿಳೆಯರೇ. ಯಾರು ಗೆದ್ದರೂ ಸಂಸದೆಯೇ. ಖುಷಿಯ ವಿಷಯ ತಾನೆ? ಈಗ ಬಿ ಫಾರಂನ ಆ ಪಕ್ಕದ ಕಾಲಂ ನೋಡಿ. ಕಾಂಗ್ರೆಸ್‌ನ ಪ್ರಭಾ ಸಚಿವ ಎಸ್.ಎಸ್. ಮಲ್ಲಿಕಾರ್ಜುನ್ ಅವರ ಪತ್ನಿ, ಶಾಮನೂರು ಶಿವಶಂಕರಪ್ಪನವರ ಸೊಸೆ. ಬಿಜೆಪಿಯ ಗಾಯತ್ರಿ ಸಂಸದರಾಗಿದ್ದ ಜಿ.ಎಂ. ಸಿದ್ದೇಶ್ವರ ಅವರ ಪತ್ನಿ. ಚಿಕ್ಕೋಡಿಯ ಪ್ರಿಯಾಂಕಾ ಸಚಿವ ಸತೀಶ ಜಾರಕಿಹೊಳಿಯವರ ಮಗಳು. ಇವರ ಯೋಗ್ಯತೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಗಂಡು ಮಕ್ಕಳಿಗೆ ಅಪ್ಪನ ಸೀಟು ಸಿಕ್ಕಾಗ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ ಅನ್ನುವುದೂ ನಿಜ. ಆದರೆ ಕೋಣೆಯೊಳಗಿನ ಲೆಕ್ಕ ಹೇಗೆ ಓಡುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ. ದುಡ್ಡು, ಹುಡುಗರು, ಜಾತಿ ಸಂಪರ್ಕ ಎಲ್ಲವೂ ಮನೆಯಲ್ಲೇ ಇದ್ದರೆ ಹೆಂಗಸೂ ಗೆಲ್ಲುವ ಕುದುರೆಯಾಗುತ್ತಾಳೆ. ಇಲ್ಲದವಳಿಗೆ ಮಹಿಳಾ ಘಟಕದ ಅಧ್ಯಕ್ಷೆ ಸ್ಥಾನ.

ಇದಕ್ಕೆ ಹೊರತಾದವರು ಇಲ್ಲದಿಲ್ಲ. ಧಾರವಾಡ ಉತ್ತರದಿಂದ ನಾಲ್ಕು ಬಾರಿ ಗೆದ್ದ ಸರೋಜಿನಿ ಮಹಿಷಿ ಕೇಂದ್ರದಲ್ಲಿ ಮಂತ್ರಿಯೂ ಆಗಿದ್ದರು. ಶೋಭಾ ಕರಂದ್ಲಾಜೆ ಸಂಘಟನೆಯ ಕೆಲಸದಿಂದ ಮೇಲೆ ಬಂದವರು. ಹೊರಗಿನಿಂದ ಬಂದ ದೊಡ್ಡ ಹೆಸರುಗಳನ್ನೂ ನಾವು ಎತ್ತಿ ಹಿಡಿದಿದ್ದೇವೆ. 1978ರಲ್ಲಿ ಇಂದಿರಾ ಗಾಂಧಿಯವರನ್ನು ಚಿಕ್ಕಮಗಳೂರು ಗೆಲ್ಲಿಸಿತು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರಾದಾಗ ಇಡೀ ದೇಶ ಅತ್ತ ನೋಡಿತು. ಹೆಂಗಸು ಅಂತ ಮತದಾರ ಹಿಂದೆ ಸರಿದಿದ್ದರೆ ಇದೆಲ್ಲ ನಡೆಯುತ್ತಿತ್ತಾ?

ಹೆಸರಿನ ವಿಷಯ ಬಂದಿದ್ದಕ್ಕೆ ಒಂದು ಹಳೇ ಸಂಗತಿ. ಮೊದಲ ಸಾರ್ವತ್ರಿಕ ಚುನಾವಣೆಗೆ ಮತದಾರರ ಪಟ್ಟಿ ಮಾಡುವಾಗ ಎಷ್ಟೋ ಕಡೆ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. "ಇಂಥವರ ಹೆಂಡತಿ", "ಇಂಥವರ ಮಗಳು" ಎಂದಷ್ಟೇ ಬರೆಸಿದರು. ಆಗ ಮುಖ್ಯ ಚುನಾವಣಾ ಆಯುಕ್ತರಾಗಿದ್ದವರು ಸುಕುಮಾರ್ ಸೇನ್. ಸ್ವಂತ ಹೆಸರಿಲ್ಲದೆ ಪಟ್ಟಿಯಲ್ಲಿ ಇರುವಂತಿಲ್ಲ ಎಂದು ಅವರು ಪಟ್ಟು ಹಿಡಿದರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಕಠಿಣ ತೀರ್ಮಾನವೇ. ಆದರೆ ಮುಂದಿನ ಚುನಾವಣೆಗೆ ಮನೆಗಳು ಹೆಸರು ಹೇಳುವುದನ್ನು ಕಲಿತವು.

ಬೇರೆ ದೇಶಗಳು ಈ ಕೋಣೆಯ ಬಾಗಿಲನ್ನು ಹೇಗೆ ತೆರೆದವು? ಇದರಲ್ಲಿ ಚುನಾವಣಾ ಪದ್ಧತಿಯ ಪಾತ್ರ ದೊಡ್ಡದು. ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬರೇ. ಟಿಕೆಟ್ ಒಂದೇ ಇರುವುದರಿಂದ ಹೆಂಗಸಿಗೆ ಕೊಟ್ಟರೆ ಒಬ್ಬ ಗಂಡಸು ಮನೆಗೆ ಹೋಗಬೇಕು, ಬಂಡಾಯ ಏಳುತ್ತದೆ. ಇನ್ನು ಕೆಲವು ದೇಶಗಳಲ್ಲಿ ಪಕ್ಷ ಒಂದು ಉದ್ದ ಪಟ್ಟಿ ಕೊಡುತ್ತದೆ. ಜನ ಪಟ್ಟಿಗೆ ಮತ ಹಾಕುತ್ತಾರೆ. ಪಕ್ಷಕ್ಕೆ ಬಿದ್ದ ಮತದ ಪಾಲಿಗೆ ತಕ್ಕಂತೆ ಮೇಲಿನಿಂದ ಇಷ್ಟು ಹೆಸರು ಗೆದ್ದಂತೆ. ಅಲ್ಲಿ ಹೆಂಗಸರನ್ನು ಸೇರಿಸುವುದು ಸುಲಭ, ಯಾರನ್ನೂ ಪೂರ್ತಿ ಹೊರಗೆ ಹಾಕಬೇಕಿಲ್ಲ. ಮೋಸ ಮಾಡುವುದೂ ಸುಲಭ, ಹೆಂಗಸರ ಹೆಸರನ್ನೆಲ್ಲ ಪಟ್ಟಿಯ ಬಾಲಕ್ಕೆ ಹಾಕಿದರಾಯಿತು.

ಅರ್ಜೆಂಟೀನಾ 1991ರಲ್ಲಿ ಮಾಡಿದ ಕಾನೂನು ಆ ಬಾಲವನ್ನೇ ಕತ್ತರಿಸಿತು. ಪಟ್ಟಿಯಲ್ಲಿ ಕನಿಷ್ಠ ಶೇ. 30 ಮಹಿಳೆಯರಿರಬೇಕು, ಅದೂ ಗೆಲ್ಲುವ ಸಾಧ್ಯತೆ ಇರುವ ಜಾಗದಲ್ಲೇ ಇರಬೇಕು ಎಂದಿತು. ಕೆಳಮನೆಯಲ್ಲಿ ಶೇ. 5ರ ಆಸುಪಾಸು ಇದ್ದ ಮಹಿಳೆಯರು ಸುಮಾರು ಹನ್ನೆರಡು ವರ್ಷದಲ್ಲಿ ಶೇ. 30 ದಾಟಿದರು. ಫ್ರಾನ್ಸ್ ಇದಕ್ಕೆ ಉಲ್ಟಾ ಪಾಠ. 2000ದಲ್ಲಿ ಅಲ್ಲಿ ಅರ್ಧಕ್ಕರ್ಧ ಟಿಕೆಟ್ ಕೊಡಬೇಕೆಂದು ಕಾನೂನು ಬಂತು. ಸಂಸತ್ ಚುನಾವಣೆಯಲ್ಲಿ ತಪ್ಪಿದರೆ ಪಕ್ಷಕ್ಕೆ ಸಿಗುವ ಸರ್ಕಾರಿ ಹಣದಲ್ಲಿ ಕಡಿತ, ಅಷ್ಟೇ. ದೊಡ್ಡ ಪಕ್ಷಗಳು ದಂಡ ಕಟ್ಟಿ ಆರಾಮಾಗಿ ಇದ್ದುಬಿಟ್ಟವು. 2002ರಲ್ಲಿ ಮಹಿಳೆಯರ ಪಾಲು ಶೇ. 11ರಿಂದ 12ಕ್ಕೆ ಏರಿತು. ಇದಕ್ಕೆ ಏರಿಕೆ ಅನ್ನಬೇಕೋ ಬೇಡವೋ ನೀವೇ ಹೇಳಿ.

ಬ್ರಿಟನ್‌ನಲ್ಲಿ ನಮ್ಮದೇ ಪದ್ಧತಿ, ಒಂದು ಕ್ಷೇತ್ರಕ್ಕೆ ಒಬ್ಬರು. ಅಲ್ಲಿ ಲೇಬರ್ ಪಕ್ಷ ಕೆಲವು ಒಳ್ಳೆಯ ಸೀಟುಗಳನ್ನೇ ಆರಿಸಿ, ಅಲ್ಲಿ ಟಿಕೆಟ್ ಆಕಾಂಕ್ಷಿಗಳ ಪಟ್ಟಿಯಲ್ಲಿ ಮಹಿಳೆಯರು ಮಾತ್ರ ಇರಬೇಕು ಎಂದಿತು. 1997ರ ಒಂದೇ ಚುನಾವಣೆಯಲ್ಲಿ ಸಂಸದೆಯರ ಸಂಖ್ಯೆ 60ರಿಂದ 120ಕ್ಕೆ ಹೋಯಿತು. ಕಾನೂನಿಲ್ಲದೆ ಪಕ್ಷವೇ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಎಲ್ಲರೂ ಹೆಸರಿಸುವ ದೇಶ ರುವಾಂಡಾ. ಕೆಳಮನೆಯ 80 ಸೀಟಿನಲ್ಲಿ 24 ಮಹಿಳೆಯರಿಗೇ ಮೀಸಲು. ಪಕ್ಷದ ಪಟ್ಟಿಗಳಲ್ಲೂ ಮಹಿಳೆಯರು ಗೆಲ್ಲುವುದರಿಂದ ಒಟ್ಟು ಶೇ. 60 ದಾಟಿದೆ. 2008ರಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ಅಲ್ಲಿನ ಕೆಳಮನೆಯಲ್ಲಿ ಮಹಿಳೆಯರೇ ಬಹುಮತವಾದರು. ಆದರೆ ಅಲ್ಲಿ ಒಂದೇ ಪಕ್ಷದ ಹಿಡಿತ. ಸದನದಲ್ಲಿ ಎಷ್ಟು ಜನ ಕೂತಿದ್ದಾರೆ ಅನ್ನುವುದಕ್ಕೂ ಸದನಕ್ಕೆ ಎಷ್ಟು ಬಲ ಇದೆ ಅನ್ನುವುದಕ್ಕೂ ನೇರ ಸಂಬಂಧ ಇಲ್ಲ. ಹಾಗಾಗಿ ರುವಾಂಡಾದ ಉದಾಹರಣೆ ಕೊಡುವಾಗ ನಾನು ಸ್ವಲ್ಪ ಕೈ ಬಿಗಿ ಹಿಡಿಯುತ್ತೇನೆ.

ನಿಜ ಹೇಳಬೇಕೆಂದರೆ, ಕನ್ನಡಿಗರು ಇಷ್ಟು ದೂರ ಹೋಗಬೇಕಾಗಿಯೇ ಇಲ್ಲ. ರಾಮಕೃಷ್ಣ ಹೆಗಡೆ ಸರ್ಕಾರ 1983ರಲ್ಲಿ ತಂದ ಪಂಚಾಯತ್ ಕಾನೂನಿನಲ್ಲಿ ಮಹಿಳೆಯರಿಗೆ ಶೇ. 25 ಸೀಟು ಇತ್ತು. ಊರೂರಿಗೆ ಬೋರ್‌ವೆಲ್ ಹಾಕಿಸಿ "ನೀರ್ ಸಾಬ್" ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿನ ಶಕ್ತಿ. 1987ರಲ್ಲಿ ಅದರಡಿ ಚುನಾವಣೆ ನಡೆಯಿತು. ಇಡೀ ದೇಶಕ್ಕೆ ಮೂರನೇ ಒಂದು ಭಾಗ ಮೀಸಲು ತಂದ 73ನೇ ತಿದ್ದುಪಡಿ ಜಾರಿಯಾಗಿದ್ದು 1993ರಲ್ಲಿ. ಈಗ ನಮ್ಮ ಪಂಚಾಯಿತಿಗಳಲ್ಲಿ ಪಾಲು ಶೇ. 50.

"ಅಯ್ಯೋ, ಅಲ್ಲಿ ಕೂರೋದು ಗಂಡಂದಿರೇ ಬಿಡಿ" ಅನ್ನುತ್ತೀರಿ. ಗ್ರಾಮ ಪಂಚಾಯಿತಿ ಕಚೇರಿಗೆ ಹೋದವರಿಗೆ ಆ ದೃಶ್ಯ ಗೊತ್ತು. ಬೋರ್ಡಿನ ಮೇಲೆ ಅಧ್ಯಕ್ಷೆಯ ಹೆಸರು, ಕುರ್ಚಿಯಲ್ಲಿ ಅಧ್ಯಕ್ಷೆಯ ಯಜಮಾನರು. ಫೋನ್ ಮಾಡಿದರೆ ಎತ್ತುವವರೂ ಅವರೇ, ಸಹಿಗೆ ಮಾತ್ರ ಪುಸ್ತಕ ಮನೆಗೆ. ಇದು ಸುಳ್ಳಲ್ಲ. ಆದರೆ ಕಥೆ ಅಲ್ಲಿಗೇ ನಿಲ್ಲುವುದೂ ಇಲ್ಲ.

ಯಾವ ಪಂಚಾಯಿತಿ ಮೀಸಲು ಎಂಬುದು ಸರದಿ ಮೇಲೆ ನಿರ್ಧಾರವಾಗುತ್ತದೆ, ಊರಿನವರು ಆರಿಸಿಕೊಳ್ಳುವಂತಿಲ್ಲ. ಹಾಗಾಗಿ ಮೀಸಲಾದ ಊರನ್ನೂ ಆಗದ ಊರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಹುದು. ಮುಂದೆ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಮತ್ತು ರಾಘವೇಂದ್ರ ಚಟ್ಟೋಪಾಧ್ಯಾಯ ಪಶ್ಚಿಮ ಬಂಗಾಳ ಹಾಗೂ ರಾಜಸ್ಥಾನದಲ್ಲಿ ಇದನ್ನೇ ಮಾಡಿ 2004ರಲ್ಲಿ ಪ್ರಕಟಿಸಿದರು. ಅಧ್ಯಕ್ಷೆ ಇದ್ದ ಕಡೆ ಕುಡಿಯುವ ನೀರಿಗೆ ಜಾಸ್ತಿ ದುಡ್ಡು ಹೋಗಿತ್ತು. ಆ ಊರಿನ ಹೆಂಗಸರು ಜಾಸ್ತಿ ದೂರು ಕೊಡುತ್ತಿದ್ದುದೂ ನೀರಿನ ಬಗ್ಗೆಯೇ. ಎಲ್ಲಾ ಗಂಡನೇ ನಡೆಸುತ್ತಿದ್ದರೆ ಈ ವ್ಯತ್ಯಾಸ ಬರಬಾರದಿತ್ತಲ್ವಾ?

ಇನ್ನೊಂದು ಪ್ರಯೋಗ ನನಗೆ ತುಂಬಾ ಇಷ್ಟ. ಬಂಗಾಳದ ಹಳ್ಳಿಗಳಲ್ಲಿ ಒಂದೇ ಭಾಷಣವನ್ನು ಒಮ್ಮೆ ಗಂಡಸಿನ ದನಿಯಲ್ಲಿ, ಒಮ್ಮೆ ಹೆಂಗಸಿನ ದನಿಯಲ್ಲಿ ಕೇಳಿಸಿದರು. ಯಾವತ್ತೂ ಅಧ್ಯಕ್ಷೆಯನ್ನೇ ನೋಡದ ಊರಿನ ಗಂಡಸರು ಹೆಂಗಸಿನ ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಅಧ್ಯಕ್ಷೆಯನ್ನು ಕಂಡಿದ್ದ ಊರಿನಲ್ಲಿ ಆ ತಾರತಮ್ಯ ಕಾಣಲಿಲ್ಲ. ಎರಡು ಸಲ ಮೀಸಲಾದ ಕಡೆ, ಮೀಸಲು ಹೋದ ಮೇಲೂ ಹೆಂಗಸರು ನಿಂತು ಗೆಲ್ಲುವುದು ಜಾಸ್ತಿಯಾಯಿತು. ಮುಂಬೈ ಮಹಾನಗರ ಪಾಲಿಕೆಯ ವಾರ್ಡುಗಳ ಅಧ್ಯಯನವೂ ಇದನ್ನೇ ಹೇಳಿತು. ಒಂದು ಸಲ ಮೀಸಲಾಗಿದ್ದ ವಾರ್ಡು ಮತ್ತೆ ಸಾಮಾನ್ಯವಾದಾಗ ಅಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚಿತ್ತು.

ಹಾಗಾದರೆ ಲೋಕಸಭೆಗೆ ಯಾಕೆ ಇಷ್ಟು ತಡ? ಮಹಿಳಾ ಮೀಸಲಾತಿ ಮಸೂದೆ ಮೊದಲು ಮಂಡನೆಯಾಗಿದ್ದು 1996ರ ಸೆಪ್ಟೆಂಬರ್ 12ರಂದು, ನಮ್ಮವರೇ ಆದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಗೀತಾ ಮುಖರ್ಜಿ ನೇತೃತ್ವದ ಜಂಟಿ ಸಮಿತಿ ಕೆಲವೇ ತಿಂಗಳಲ್ಲಿ ವರದಿ ಕೊಟ್ಟಿತು. ಆಮೇಲೆ ಮಸೂದೆ ಬಿದ್ದಿತು, ಎದ್ದಿತು, ಮತ್ತೆ ಬಿದ್ದಿತು. 1998ರಲ್ಲಿ ಸದನದಲ್ಲೇ ಪ್ರತಿ ಕಿತ್ತು ಹರಿದರು. 2010ರ ಮಾರ್ಚ್ 9ರಂದು ಗದ್ದಲ ಮಾಡಿದವರನ್ನು ಮಾರ್ಷಲ್‌ಗಳು ಎತ್ತಿಕೊಂಡು ಹೋದ ಮೇಲೆ ರಾಜ್ಯಸಭೆ 186–1ರಲ್ಲಿ ಪಾಸು ಮಾಡಿತು. ಲೋಕಸಭೆಗೆ ಅದು ಬರಲೇ ಇಲ್ಲ, 2014ರಲ್ಲಿ ಸದನದ ಜೊತೆಗೇ ಸತ್ತಿತು.

ವಿರೋಧ ಮಾಡಿದವರೆಲ್ಲ ಹೆಂಗಸರ ವೈರಿಗಳು ಎಂದು ಬಿಡುವುದು ಸರಿಯಲ್ಲ. ಹಿಂದುಳಿದ ವರ್ಗದ ನಾಯಕರು ಎತ್ತಿದ ಪ್ರಶ್ನೆ ತೂಕದ್ದು: ಒಳಮೀಸಲು ಇಲ್ಲದಿದ್ದರೆ ಈ ಸೀಟುಗಳೆಲ್ಲ ಮೇಲ್ಜಾತಿಯ, ಓದಿದ, ದುಡ್ಡಿರುವ ಹೆಂಗಸರ ಪಾಲಾಗುವುದಿಲ್ಲವೇ? ಅದಕ್ಕೆ ಕಾನೂನು ಇವತ್ತಿಗೂ ಉತ್ತರ ಕೊಟ್ಟಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಸೀಟುಗಳೊಳಗೆ ಮೂರನೇ ಒಂದು ಭಾಗ ಆಯಾ ಸಮುದಾಯದ ಮಹಿಳೆಯರಿಗೆ ಇದೆ. ಇತರ ಹಿಂದುಳಿದ ವರ್ಗಕ್ಕೆ ಇಲ್ಲ. ಆ ವರ್ಗಕ್ಕೆ ಲೋಕಸಭೆಯಲ್ಲಿ ಮೂಲ ಮೀಸಲೇ ಇಲ್ಲವಲ್ಲ, ಒಳಗೆ ಹೇಗೆ ಕೊಡುವುದು ಅನ್ನುವುದು ಎದುರು ವಾದ.

ಕೊನೆಗೆ 2023ರ ಸೆಪ್ಟೆಂಬರ್‌ನಲ್ಲಿ, ಹೊಸ ಸಂಸತ್ ಭವನದಲ್ಲಿ, ಲೋಕಸಭೆ 454–2ರಲ್ಲಿ, ರಾಜ್ಯಸಭೆ 214–0ಯಲ್ಲಿ ಒಪ್ಪಿದವು. 106ನೇ ತಿದ್ದುಪಡಿ, ಅಂದರೆ ನಾರಿ ಶಕ್ತಿ ವಂದನ್ ಅಧಿನಿಯಮ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ, 15 ವರ್ಷಕ್ಕೆ. ರಾಜ್ಯಸಭೆಗೂ ವಿಧಾನ ಪರಿಷತ್ತಿಗೂ ಇದು ಅನ್ವಯಿಸುವುದಿಲ್ಲ. ಇಪ್ಪತ್ತೇಳು ವರ್ಷ ಕಿತ್ತಾಡಿದ ವಿಷಯಕ್ಕೆ ವಿರೋಧ ಬಿದ್ದಿದ್ದು ಎರಡೇ ಮತ! ಇಷ್ಟು ಸಲೀಸಾಗಿ ಪಾಸಾದದ್ದು ಹೇಗೆ ಎಂದು ನೋಡಿದರೆ ಕಾನೂನಿನೊಳಗಿನ ಒಂದು ಷರತ್ತಿನ ಮೇಲೆ ಕಣ್ಣು ಬೀಳುತ್ತದೆ.

ಕಾನೂನು ಬಂದ ನಂತರದ ಮೊದಲ ಜನಗಣತಿ ನಡೆಯಬೇಕು. ಅದರ ಅಂಕಿ ಹಿಡಿದು ಕ್ಷೇತ್ರಗಳ ಗಡಿ ಹೊಸದಾಗಿ ಎಳೆಯಬೇಕು. ಆಮೇಲಷ್ಟೇ ಮೀಸಲು. 2023ರಲ್ಲಿ ಬರೆದ ಕಾನೂನು ಹೇಳುವುದು ಇದನ್ನೇ. ಹಾಗಾಗಿಯೇ ಪಾಸಾಗಿ ಎಂಟು ತಿಂಗಳಲ್ಲಿ ಬಂದ 2024ರ ಚುನಾವಣೆಗೆ ಅದು ತಾಗಲೇ ಇಲ್ಲ. 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೆ ಹೋಗಿ, ಎಣಿಕೆಯ ಲೆಕ್ಕಕ್ಕೆ ಹಿಡಿಯುವ ದಿನ 2027ರ ಮಾರ್ಚ್ 1 ಎಂದು ಸರ್ಕಾರ 2025ರಲ್ಲಿ ಪ್ರಕಟಿಸಿತು. ಹಿಂದಿನ ಕ್ಷೇತ್ರ ಮರುವಿಂಗಡಣೆ ಆಯೋಗಕ್ಕೆ 2002ರಲ್ಲಿ ಶುರುಮಾಡಿ ಮುಗಿಸಲು 2008 ಆಯಿತು.

ಮರುವಿಂಗಡಣೆ ಅನ್ನುವ ಪದ ಕೇಳಿದರೆ ದಕ್ಷಿಣದ ರಾಜ್ಯಗಳ ಕಿವಿ ನೆಟ್ಟಗಾಗುತ್ತದೆ. ಯಾವ ರಾಜ್ಯಕ್ಕೆ ಎಷ್ಟು ಸೀಟು ಎಂಬುದು ಇವತ್ತಿಗೂ 1971ರ ಜನಸಂಖ್ಯೆಯ ಮೇಲೆ ನಿಂತಿದೆ. 1976ರಲ್ಲಿ ಅದನ್ನು ಹಾಗೇ ಕಟ್ಟಿಹಾಕಿದರು, ಆಮೇಲೆ 2026ರ ನಂತರದ ಜನಗಣತಿಯವರೆಗೆ ವಿಸ್ತರಿಸಿದರು. ಗಂಟು ಬಿಚ್ಚಿದರೆ ಜನಸಂಖ್ಯೆ ಹಿಡಿತದಲ್ಲಿಟ್ಟ ಕರ್ನಾಟಕ, ಕೇರಳ, ತಮಿಳುನಾಡುಗಳ ಪಾಲು ಕುಗ್ಗುತ್ತದೆ ಎಂಬ ಭಯ ಇದೆ. ಆ ಜಗಳಕ್ಕೂ ಹೆಂಗಸರ ಸೀಟಿಗೂ ಮೂಲದಲ್ಲಿ ಸಂಬಂಧವೇ ಇಲ್ಲ. ಈಗಿರುವ 543ರಲ್ಲಿ 181 ಎಂದು ಬರೆದಿದ್ದರೂ ನಡೆಯುತ್ತಿತ್ತು, 1996ರ ಮಸೂದೆಯಲ್ಲಿ ಈ ಷರತ್ತು ಇರಲೂ ಇಲ್ಲ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದರಿಂದ, ದೇಶದ ಅತಿ ಕಷ್ಟದ ಜಗಳ ಮುಗಿಯುವವರೆಗೆ ಹೆಂಗಸರು ಕಾಯಬೇಕು ಎಂದಾಯಿತು.

ಇನ್ನು ಸರದಿಯ ವಿಷಯ. ಮೀಸಲು ಸೀಟುಗಳು ಪ್ರತಿ ಮರುವಿಂಗಡಣೆಯ ನಂತರ ಬದಲಾಗುತ್ತವೆ ಎಂದು ಕಾನೂನು ಹೇಳುತ್ತದೆ. ಪಂಚಾಯಿತಿಯಲ್ಲಿ ಐದು ವರ್ಷಕ್ಕೇ ಸೀಟು ಜಾರಿದರೆ "ಹೇಗೂ ಮುಂದಿನ ಸಲ ನನಗಿಲ್ಲ" ಎಂದು ಸದಸ್ಯೆಗೆ ಅನಿಸುವುದು ಸಹಜ. ಲೋಕಸಭೆಯಲ್ಲಿ ಅಷ್ಟು ಬೇಗ ಬದಲಾಗದಿದ್ದರೆ ಕ್ಷೇತ್ರ ಕಟ್ಟಲು ಸಮಯ ಸಿಗುತ್ತದೆ. ನನಗೆ ಈ ಕಾನೂನಿನಲ್ಲಿ ಮೆಚ್ಚುಗೆಯಾದ ಅಂಶ ಇದು.

ಕಾನೂನು ಜಾರಿಯಾದ ದಿನವೂ ಬಿ ಫಾರಂ ಬದಲಾಗುವುದಿಲ್ಲ. ಸಹಿ ಹಾಕುವವರು ಅವರೇ, ಗಡುವು ಅದೇ ಮಧ್ಯಾಹ್ನ 3 ಗಂಟೆ. ಮೀಸಲು ಕ್ಷೇತ್ರದಲ್ಲಿ ಮೊದಲ ಕಾಲಂಗೆ ಮಹಿಳೆಯ ಹೆಸರೇ ಬರಬೇಕು, ಬದಲಿ ಅಭ್ಯರ್ಥಿಯ ಕಾಲಂಗೂ ಅಷ್ಟೇ. ಪಕ್ಕದ ಕಾಲಂನಲ್ಲಿ ಮಾಜಿ ಸಂಸದರ ಹೆಸರಿದ್ದರೂ ಅಧಿಕಾರಿ ತೆಗೆದುಕೊಳ್ಳುತ್ತಾರೆ, ಯಾರೂ ಕೇಳದ ಹೆಸರಿದ್ದರೂ ತೆಗೆದುಕೊಳ್ಳುತ್ತಾರೆ.